ಖಳ ನಗದಿದ್ದಷ್ಟೂ ನಮಗೆ ನಗು: ಬಾಂಡ್ ಚಿತ್ರಗಳ ದುಷ್ಟರ ಬಗ್ಗೆ ಒಂದು ಚರ್ಚೆ

ಕೊನೆಸಾಲು

ಕಳೆದ ಭಾನುವಾರ ಮನೆಮಂದಿಯೆಲ್ಲ ಕೂತು 1964ರ ‘ಗೋಲ್ಡ್‌ಫಿಂಗರ್’ ನೋಡಿದೆವು. ನನಗದು ಎಷ್ಟನೆಯ ಸಲವೋ ಲೆಕ್ಕವಿಲ್ಲ. ಹನ್ನೆರಡು ವರ್ಷದ ಅಕ್ಕನ ಮಗನಿಗೆ ಮಾತ್ರ ಮೊದಲನೆಯ ಸಲ. ಕೆಂಟಕಿಯ ತನ್ನ ಕುದುರೆ ಫಾರಂಗೆ ಗೋಲ್ಡ್‌ಫಿಂಗರ್ ಅಮೆರಿಕದ ಪಾತಕಿ ಮುಖಂಡರನ್ನೆಲ್ಲ ಕರೆಸಿಕೊಂಡು, ಫೋರ್ಟ್ ನಾಕ್ಸ್‌ನ ಚಿನ್ನದ ಭಂಡಾರಕ್ಕೆ ನುಗ್ಗುವ ಯೋಜನೆಯನ್ನು ಬಿಡಿಸಿ ಹೇಳುವ ದೃಶ್ಯ ನಿಮಗೆಲ್ಲ ನೆನಪಿರಬಹುದು. ಬಿಲಿಯರ್ಡ್ಸ್ ಮೇಜು ಮಗುಚಿಕೊಂಡು ನಿಯಂತ್ರಣ ಫಲಕವಾಗುತ್ತದೆ, ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ನೆಲ ಸರಿದು ಇಡೀ ಫೋರ್ಟ್ ನಾಕ್ಸ್‌ನ ಮಾದರಿಯೊಂದು ಕಾಣಿಸಿಕೊಳ್ಳುತ್ತದೆ. ಆತ ಭೂಗೋಳದ ಮೇಷ್ಟರಂತೆ ಅದನ್ನು ತೋರಿಸಿ ತೋರಿಸಿ ಪಾಠ ಮಾಡುತ್ತಾನೆ. ಪಾಠ ಮುಗಿದ ಮೇಲೆ ಹೊರಗೆ ಹೋಗಿ, ಬಾಗಿಲು ಹಾಕಿಸಿ, ವಿಷಾನಿಲ ಬಿಟ್ಟು ಕೇಳಿದವರನ್ನೆಲ್ಲ ಕೊಂದುಬಿಡುತ್ತಾನೆ.

ಹುಡುಗ ಚಿತ್ರವನ್ನು ಅಲ್ಲೇ ನಿಲ್ಲಿಸಿ, “ಮಾಮ, ಹೇಗಿದ್ದರೂ ಸಾಯಿಸುವವನು ಇಷ್ಟೊತ್ತು ಯಾಕೆ ವಿವರಿಸಿದ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ತಮಾಷೆಯೆಂದರೆ ಮುಂದಿನ ಭಾಗ. ಸೋಲೋ ಎಂಬ ಒಬ್ಬ ಪಾತಕಿ ಮಾತ್ರ ತನಗೆ ಈ ಉಸಾಬರಿ ಬೇಡ, ಕೊಡಬೇಕಾದ ಚಿನ್ನ ಕೊಟ್ಟರೆ ಹೊರಡುತ್ತೇನೆ ಎನ್ನುತ್ತಾನೆ. ಉಳಿದವರ ಜೊತೆ ಅವನನ್ನೂ ಅದೇ ಕೋಣೆಯಲ್ಲಿ ಮುಗಿಸಬಹುದಿತ್ತು. ಆದರೆ ಗೋಲ್ಡ್‌ಫಿಂಗರ್ ಅವನ ಚಿನ್ನವನ್ನು ಲಿಂಕನ್ ಕಾರಿಗೆ ಹೇರಿಸಿ, ತನ್ನ ಬಂಟ ಆಡ್‌ಜಾಬ್‌ನನ್ನು ಚಾಲಕನಾಗಿ ಕಳುಹಿಸಿ, ದಾರಿಯಲ್ಲಿ ಕೊಲ್ಲಿಸಿ, ಹೆಣ ಮತ್ತು ಚಿನ್ನದ ಸಮೇತ ಕಾರನ್ನು ಗುಜರಿಯ ಯಂತ್ರದಲ್ಲಿ ಹಿಂಡಿಸಿ, ಆ ಲೋಹದ ಮುದ್ದೆಯನ್ನು ಮನೆಗೆ ತರಿಸಿಕೊಳ್ಳುತ್ತಾನೆ. ಆಮೇಲೆ ತನ್ನ ಸೆರೆಯಲ್ಲಿರುವ ಗೂಢಚಾರ ಬಾಂಡ್‌ನ ಕ್ಷಮೆ ಕೇಳಿ, ತಾನೀಗ ಹೋಗಿ ಸೋಲೋನಿಂದ ಚಿನ್ನವನ್ನು ಬೇರ್ಪಡಿಸಬೇಕಾಗಿದೆ ಎಂದು ಎದ್ದು ಹೊರಡುತ್ತಾನೆ! ತನ್ನ ಕೈಯಾರೆ ತಂದುಕೊಂಡ ಈ ಹೆಚ್ಚುವರಿ ಕೆಲಸದ ಬಗ್ಗೆ ಅವನ ಮುಖದಲ್ಲಿ ಬೇಸರವಾಗಲಿ ನಗೆಯಾಗಲಿ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗಿಸಬೇಕೆಂದು ಬರೆದ ಮಾತಿಗಿಂತ, ಭಯ ಹುಟ್ಟಿಸಬೇಕೆಂದು ತೆಗೆದ ಇಂಥ ದೃಶ್ಯಗಳೇ ಹೆಚ್ಚು ನಗಿಸುವುದೇಕೆ? ಗೂಢಚಾರ ಚಿತ್ರಗಳ ಖಳರನ್ನು ಪ್ರೀತಿಯಿಂದ ನೋಡುವವರು ಇಲ್ಲಿ ಇದ್ದೀರಿ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಲೆಕ್ಕಪತ್ರ

ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನಿಗೆ ಇಂಥ ಚಿತ್ರಗಳನ್ನು ಸುಮ್ಮನೆ ನೋಡಲಾಗುವುದಿಲ್ಲ. ಆ ಮುಖಂಡರಿಗೆ ತಲಾ ಹತ್ತು ಲಕ್ಷ ಡಾಲರ್ ಚಿನ್ನ ಸಲ್ಲಬೇಕಿತ್ತು. 1964ರಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್. ಹಾಗಾದರೆ ಸೋಲೋನ ಪಾಲು ಸುಮಾರು 28,570 ಔನ್ಸ್, ಅಂದರೆ ಹತ್ತಿರ ಹತ್ತಿರ 890 ಕಿಲೋ. ಇಷ್ಟು ಭಾರವನ್ನು ಹಿಂಬದಿಯ ಡಿಕ್ಕಿಯಲ್ಲಿ ಹೊತ್ತ ಕಾರು ಮೂತಿ ಮೇಲೆತ್ತಿಕೊಂಡು ಹೋಗಬೇಕಿತ್ತು. ಚಿತ್ರದಲ್ಲಿ ಅದು ಮದುವೆ ದಿಬ್ಬಣದ ಕಾರಿನಂತೆ ತೇಲಿಕೊಂಡು ಹೋಗುತ್ತದೆ. ಹಿಂಡಿದ ಮೇಲೆ ಎರಡು ಟನ್ನಿಗೂ ಮೀರಿದ ಕಾರು, ಮುಕ್ಕಾಲು ಟನ್ನಿಗೂ ಹೆಚ್ಚಿನ ಚಿನ್ನ ಮತ್ತು ಸೋಲೋ ಮಹಾಶಯರು ಸೇರಿದ ಆ ಮುದ್ದೆಯನ್ನು ಒಂದು ಪುಟ್ಟ ಪಿಕಪ್ ಗಾಡಿಯ ಬೆನ್ನಿಗೆ ಇಳಿಸುತ್ತಾರೆ. ಗಾಡಿ ಹಾಗೆಯೇ ಹೊರಡುತ್ತದೆ.

ಅದೇ ಚಿತ್ರದಲ್ಲಿ ಬಾಂಡ್ ಕೂಡ ಲೆಕ್ಕ ತಪ್ಪುತ್ತಾನೆ. ಫೋರ್ಟ್ ನಾಕ್ಸ್‌ನಲ್ಲಿರುವ 1,500 ಕೋಟಿ ಡಾಲರ್ ಚಿನ್ನ 10,500 ಟನ್ ತೂಗುತ್ತದೆಂದೂ, ಅದನ್ನು 200 ಟ್ರಕ್ಕುಗಳಿಗೆ ತುಂಬಲು 60 ಮಂದಿಗೆ ಹನ್ನೆರಡು ದಿನ ಬೇಕೆಂದೂ ಅವನು ಠೀವಿಯಿಂದ ಹೇಳುತ್ತಾನೆ. ಔನ್ಸಿಗೆ 35 ಡಾಲರಿನಂತೆ ಗುಣಿಸಿ ನೋಡಿದರೆ ತೂಕ 13,000 ಟನ್ನಿಗೂ ಮೇಲೆ ಹೋಗುತ್ತದೆ. ಚಿನ್ನದ ಹುಚ್ಚಿನಲ್ಲೇ ಬದುಕಿದ ಗೋಲ್ಡ್‌ಫಿಂಗರ್ ಆ ತಪ್ಪನ್ನು ತಿದ್ದದೆ ತನ್ನ ಪೇಯವನ್ನು ಹೀರುತ್ತ ಕೂತಿದ್ದಾನೆ. ನನಗೆ ಅವನ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು.

1979ರ ‘ಮೂನ್‌ರೇಕರ್’ನ ಹ್ಯೂಗೋ ಡ್ರ್ಯಾಕ್ಸ್ ಇನ್ನೂ ದೊಡ್ಡ ಮನುಷ್ಯ. ಮನುಕುಲವನ್ನೇ ಅಳಿಸಿಹಾಕಲು ಅವನು ಬಾಹ್ಯಾಕಾಶದಿಂದ ವಿಷದ ಗೋಳಗಳನ್ನು ಬಿಡುತ್ತಾನೆ. ಒಂದು ಗೋಳಕ್ಕೆ ಹತ್ತು ಕೋಟಿ ಜನ, ಒಟ್ಟು 50 ಗೋಳಗಳು, ಅಂದರೆ 500 ಕೋಟಿ. ಆಗ ಜಗತ್ತಿನ ಜನಸಂಖ್ಯೆ ಇದ್ದದ್ದು ಸುಮಾರು 440 ಕೋಟಿ. ಅರವತ್ತು ಕೋಟಿ ಜನರಿಗಾಗುವಷ್ಟು ವಿಷ ಹೆಚ್ಚುವರಿ ದಾಸ್ತಾನು! ನಾನಾಗಿದ್ದರೆ ಆಕ್ಷೇಪಣೆ ಬರೆಯುತ್ತಿದ್ದೆ.

ಚೌಕಿಮನೆ

ಕೊನೆಸಾಲು ಅವರೇ, ನಿಮ್ಮ ಸೋದರಳಿಯನ ಪ್ರಶ್ನೆಗೆ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯವರು ಸಲೀಸಾಗಿ ಉತ್ತರ ಕೊಡುತ್ತಾರೆ. ಅದು ಒಡ್ಡೋಲಗ. ರಕ್ಕಸ ರಂಗಕ್ಕೆ ಬಂದ ಮೇಲೆ ತಾನು ಯಾರು, ತನ್ನ ಪರಾಕ್ರಮವೇನು, ಮುಂದೆ ಏನು ಮಾಡಲಿದ್ದೇನೆ ಎಂಬುದನ್ನು “ಬಲ್ಲಿರೇನಯ್ಯಾ” ಎಂದು ಸಭೆಗೆ ಹೇಳಲೇಬೇಕು. ಹೇಳದೆ ನೇರವಾಗಿ ಯುದ್ಧಕ್ಕೆ ಹೋದರೆ ಅವನು ರಕ್ಕಸನೇ ಅಲ್ಲ, ಬರೀ ಜಗಳಗಂಟ. ಗೋಲ್ಡ್‌ಫಿಂಗರ್‌ನ ತೊಂದರೆಯೂ ಅದೇ. ನೆಲ ಸರಿಯುವ ಕೋಣೆ ಕಟ್ಟಿಸಿದ್ದಾನೆ, ಮಾದರಿ ಮಾಡಿಸಿದ್ದಾನೆ, ಮೇಜು ಮಗುಚುವ ಏರ್ಪಾಡು ಮಾಡಿದ್ದಾನೆ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಒಮ್ಮೆಯಾದರೂ ಯಾರಾದರೂ ನೋಡಿ ಬೆರಗಾಗಬೇಡವೇ? ಸಾಯುವವರಾದರೇನು, ಸಭಿಕರು ಸಭಿಕರೇ.

ನನಗೆ ಇದಕ್ಕಿಂತಲೂ ಇಷ್ಟವಾದ ಹೋಲಿಕೆ ಬಾಂಡ್‌ನ ಹಲವು ಚಿತ್ರಗಳ ಖಳ ಬ್ಲೋಫೆಲ್ಡ್‌ನದು. ರಕ್ಕಸ ಪಾತ್ರದ ಬಣ್ಣದ ವೇಷಕ್ಕೆ ತೆರೆಯ ಹಿಂದಿನ ಕುಣಿತವಿರುತ್ತದಷ್ಟೆ. ಮೊದಲು ಆರ್ಭಟ ಮಾತ್ರ ಕೇಳುತ್ತದೆ, ಆಮೇಲೆ ತೆರೆಯ ಅಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ಬೆರಳು ಕಾಣುತ್ತದೆ, ದೀವಟಿಗೆಗೆ ರಾಳ ಎರಚಿದಾಗ ಭುಗ್ಗೆಂದ ಬೆಳಕಿನಲ್ಲಿ ಅರೆಕ್ಷಣ ಮುಖ ಕಂಡು ಮರೆಯಾಗುತ್ತದೆ. ಮಕ್ಕಳು ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುವ ಹೊತ್ತದು. ಬ್ಲೋಫೆಲ್ಡ್‌ನನ್ನೂ 1963ರ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ಮತ್ತು 1965ರ ‘ಥಂಡರ್‌ಬಾಲ್’ನಲ್ಲಿ ಹೀಗೆಯೇ ಮರೆಯಲ್ಲಿ ಇಟ್ಟಿದ್ದರು, ಕಾಣುತ್ತಿದ್ದದ್ದು ಬಿಳಿಯ ಬೆಕ್ಕನ್ನು ನೇವರಿಸುವ ಕೈ, ಕೇಳುತ್ತಿದ್ದದ್ದು ತಣ್ಣನೆಯ ದನಿ. 1967ರ ‘ಯು ಓನ್ಲಿ ಲಿವ್ ಟ್ವೈಸ್’ನಲ್ಲಿ ಕೊನೆಗೂ ತೆರೆ ಸರಿಯಿತು. ಆ ಪಾತ್ರಕ್ಕೆ ಮೊದಲು ಆರಿಸಿದ್ದ ಚೆಕ್ ನಟ ಯಾನ್ ವೆರಿಖ್, ಕ್ಯಾಮೆರಾದ ಮುಂದೆ ನಿಂತಾಗ ಉಡುಗೊರೆ ಹಂಚುವ ಕ್ರಿಸ್‌ಮಸ್ ತಾತನಂತೆ ಸೌಮ್ಯವಾಗಿ ಕಂಡಿದ್ದರಿಂದ, ಅವರನ್ನು ಬಿಟ್ಟು ಡೊನಾಲ್ಡ್ ಪ್ಲೆಸೆನ್ಸ್ ಅವರನ್ನು ತಂದರು. ಎರಡು ಚಿತ್ರಗಳ ಕಾಲ ಕಾದ ಪ್ರೇಕ್ಷಕನಿಗೆ ದೊರೆತದ್ದು ಕಣ್ಣಿನ ಮೇಲೆ ಗಾಯದ ಗುರುತು ಅಂಟಿಸಿಕೊಂಡ, ಕುಳ್ಳನೆಯ, ಬೋಳುತಲೆಯ, ಮೆಲುದನಿಯ ಮನುಷ್ಯ. ಪ್ಲೆಸೆನ್ಸ್ ಒಳ್ಳೆಯ ನಟರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜ್ವಾಲಾಮುಖಿಯೊಳಗಿನ ಸಾಮ್ರಾಜ್ಯಕ್ಕೆ ಈ ದೊರೆಯೇ ಎನಿಸಿ ನಗು ಬರುವುದನ್ನು ತಡೆಯಲಾಗುವುದಿಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ನಾಲ್ಕು ಗಂಟೆ ಕೂತು ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ ಇಡಿಸಿಕೊಳ್ಳುವ ನಮ್ಮ ಕಲಾವಿದರಿಗೆ ಗೊತ್ತಿರುವ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ತೆರೆ ಹಿಡಿಸಿದರೆ ಹಿಂದಿರುವ ಮುಖ ಅದಕ್ಕೆ ತಕ್ಕಂತಿರಬೇಕು.

ಬಿಳಿಬೆಕ್ಕು

ನನ್ನ ಹೆಸರೇ ಹೇಳುವಂತೆ ನಾನು ಬೆಕ್ಕಿನ ಪರವಾಗಿ ಮಾತನಾಡುತ್ತೇನೆ. ಅದೇ ಚಿತ್ರದ ಕೊನೆಯಲ್ಲಿ, ಅಡ್ಡೆಯೊಳಗೆ ಸಿಡಿತಗಳು ಶುರುವಾದಾಗ, ಪ್ಲೆಸೆನ್ಸ್ ಅವರ ತೋಳಿನಲ್ಲಿರುವ ಬೆಕ್ಕನ್ನು ಮಾತ್ರ ನೋಡಿ. ಕಿವಿ ಹಿಂದಕ್ಕೆ ಮಡಚಿ, ಕಣ್ಣು ತಟ್ಟೆಯಷ್ಟಗಲ ಮಾಡಿಕೊಂಡು, ಮೈಯನ್ನೆಲ್ಲ ತಿರುಚಿ ತಪ್ಪಿಸಿಕೊಳ್ಳಲು ಹೆಣಗುತ್ತಿದೆ. ಅದು ಅಭಿನಯವಲ್ಲ, ನಿಜವಾದ ಗಾಬರಿ. ಪ್ಲೆಸೆನ್ಸ್ ಮಾತ್ರ ಜಗತ್ತನ್ನೇ ಗೆಲ್ಲಲು ಹೊರಟವನ ನಿರ್ಲಿಪ್ತ ಮುಖವನ್ನು ಬಿಡದೆ, ಎರಡೂ ಕೈಯಿಂದ ಅದನ್ನು ಅವುಚಿ ಹಿಡಿದುಕೊಂಡಿದ್ದಾರೆ. ನಮ್ಮ ಮನೆಯ ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ಯುವಾಗ ಆಟೋದಲ್ಲಿ ನಾನು ಕೂರುವ ಭಂಗಿಯೂ ಥೇಟ್ ಅದೇ. ಪಾಪದ ಪ್ರಾಣಿಯ ಬಗ್ಗೆ ಕನಿಕರವಾಗುತ್ತದೆ, ಆದರೂ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಇನ್ನಷ್ಟು ಕನಿಕರವಾಗುತ್ತದೆ.

ಕಲ್ಲುಗಾರೆ

ನಾನು ಸಿವಿಲ್ ಎಂಜಿನಿಯರ್. ಜ್ವಾಲಾಮುಖಿಯ ಮಾತು ಬಂದಿದ್ದರಿಂದ ಬಾಯಿ ಬಿಡಲೇಬೇಕಾಯಿತು.

ಹೊರಗಿನ ದೃಶ್ಯಗಳು ಜಪಾನಿನ ಕ್ಯೂಶೂ ದ್ವೀಪದ ಶಿನ್ಮೊಎ ಜ್ವಾಲಾಮುಖಿಯವು. ಒಳಗಿನದನ್ನು ಚಿತ್ರದ ವಿನ್ಯಾಸಕ ಕೆನ್ ಆ್ಯಡಮ್ ಅವರು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿಸಿದರು. ಅದಕ್ಕೆ ತಗುಲಿದ ಖರ್ಚು ಸುಮಾರು ಹತ್ತು ಲಕ್ಷ ಡಾಲರ್. ಅದಕ್ಕೂ ಐದು ವರ್ಷ ಹಿಂದೆ ಬಾಂಡ್ ಸರಣಿಯ ಮೊದಲ ಚಿತ್ರ ‘ಡಾಕ್ಟರ್ ನೋ’ವನ್ನು ಇಡಿಯಾಗಿ ಮುಗಿಸಿದ್ದೇ ಹೆಚ್ಚುಕಡಿಮೆ ಅಷ್ಟು ಹಣದಲ್ಲಿ. ಕೆರೆಯಂತೆ ಕಾಣುವ ಸರಿಯುವ ಛಾವಣಿ, ಓಡಾಡಲು ಮೊನೊರೈಲು, ರಾಕೆಟ್ ನಿಲ್ಲಿಸುವ ಕಟ್ಟೆ, ಹೆಲಿಕಾಪ್ಟರ್ ಇಳಿಯುವ ಜಾಗ ಎಲ್ಲವೂ ಅದರೊಳಗಿದ್ದವು. ವೃತ್ತಿಯ ದೃಷ್ಟಿಯಿಂದ ನಾನು ಅದಕ್ಕೆ ಕೈಮುಗಿಯುತ್ತೇನೆ.

ಆದರೆ ಕಥೆಯೊಳಗೆ ಇದನ್ನು ಕಟ್ಟಿದವರು ಯಾರು? ಒಂದು ಎರಡಂತಸ್ತಿನ ಮನೆ ಕಟ್ಟಿಸುವಾಗಲೇ ಮರಳಿನ ಲಾರಿ ಯಾವ ಹೊತ್ತಿಗೆ ಬಂತು, ಎಷ್ಟು ಲೋಡು ಇಳಿಯಿತು ಎಂಬುದು ಬೀದಿಯ ಕೊನೆಯ ಮನೆಯವರಿಗೂ ಗೊತ್ತಾಗುತ್ತದೆ. ಇಲ್ಲಿ ಒಂದು ಬೆಟ್ಟವನ್ನು ಒಳಗಿನಿಂದ ಕೊರೆದು, ಸಾವಿರಾರು ಟನ್ ಉಕ್ಕು ಸಾಗಿಸಿ, ರೈಲು ಹಾಕಿಸಿ, ರಾಕೆಟ್ ಹಾರಿಸುತ್ತಿದ್ದರೂ ತಪ್ಪಲಿನ ಮೀನುಗಾರರಿಗೆ ಅರಿವಿಲ್ಲ. ಪಿರಾನ್ಹಾ ಮೀನಿನ ಕೊಳದ ಮೇಲೆ ಒಂದು ಕಿರುಸೇತುವೆಯಿದೆ. ಬ್ಲೋಫೆಲ್ಡ್ ಪೆಡಲು ಒತ್ತಿದರೆ ಅದು ಕುಸಿದು, ಕೆಲಸ ಕೆಡಿಸಿದವರು ಮೀನಿನ ಪಾಲಾಗುತ್ತಾರೆ. ಆ ಸೇತುವೆಯ ನಕ್ಷೆ ಬರೆದವನ ಎದುರಿಗೆ ಬ್ಲೋಫೆಲ್ಡ್ ಕೂತು, ಕುಸಿಯುವ ಗುಣ ಇರಬೇಕು, ಆದರೆ ಪ್ರತಿದಿನ ನಾನು ದಾಟುವಾಗ ಕುಸಿಯಬಾರದು ಎಂದು ವಿವರಿಸಿದ ಸಭೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಕೊಳದ ನೀರು ಬದಲಿಸುವವನು ಯಾರು, ಮೀನಿಗೆ ವಾರದ ಉಳಿದ ದಿನಗಳಲ್ಲಿ ಏನು ಹಾಕುತ್ತಾರೆ, ದಿನಕ್ಕೊಬ್ಬ ನೌಕರ ತಪ್ಪು ಮಾಡದಿದ್ದರೆ ಅವು ಉಪವಾಸವೇ?

ಕೊನೆಯದಾಗಿ, ಇಡೀ ಕಟ್ಟಡವನ್ನು ಸ್ಫೋಟಿಸುವ ಒಂದು ಏರ್ಪಾಡನ್ನು ಮಾಲೀಕನೇ ಮಾಡಿಸಿಟ್ಟಿರುತ್ತಾನೆ. ನನ್ನ ಇಪ್ಪತ್ತೆರಡು ವರ್ಷದ ಅನುಭವದಲ್ಲಿ ವಾಸ್ತುವಿಗಾಗಿ ಬಾಗಿಲು ಒಡೆಸಿದವರನ್ನು ಕಂಡಿದ್ದೇನೆ, ಇಂಥ ಬೇಡಿಕೆಯಿಟ್ಟ ಗಿರಾಕಿಯನ್ನು ಕಂಡಿಲ್ಲ.

ತಗಾದೆ

ಎಲ್ಲರೂ ನಗುತ್ತಿರುವಾಗ ಅಡ್ಡಬಾಯಿ ಹಾಕುತ್ತಿದ್ದೇನೆಂದು ಬೇಸರಿಸಬೇಡಿ. ನೀವೆಲ್ಲ ಇದನ್ನು ಉದ್ದೇಶವಿಲ್ಲದ ಹಾಸ್ಯವೆಂದು ಹಿಡಿದುಕೊಂಡಿದ್ದೀರಿ. ತಯಾರಿಸಿದವರು ಅಷ್ಟು ಮುಗ್ಧರೆಂದು ನನಗೆ ಅನಿಸುವುದಿಲ್ಲ. ಸೋಲೋನಿಂದ ಚಿನ್ನ ಬೇರ್ಪಡಿಸಬೇಕೆಂಬ ಮಾತನ್ನು ಬರೆದವರು ನಗುತ್ತಲೇ ಬರೆದಿರಬೇಕು. ಡ್ರ್ಯಾಕ್ಸ್ ಪಾತ್ರದ ಮಿಶೆಲ್ ಲೋನ್ಸ್‌ಡೇಲ್, ಬಾಂಡ್‌ಗೆ ಏನಾದರೂ ಕೇಡಾಗುವಂತೆ ನೋಡಿಕೋ ಎಂದು ಸೇವಕನಿಗೆ ಹೇಳುವ ಧಾಟಿ, ಅತಿಥಿಗೆ ಕಾಫಿ ಕೊಡು ಎಂದಷ್ಟೇ ಸಹಜವಾಗಿದೆ. ಅದು ಅಪ್ಪಟ ಹಾಸ್ಯನಟನ ಹತೋಟಿ. ‘ಯು ಓನ್ಲಿ ಲಿವ್ ಟ್ವೈಸ್’ನ ಚಿತ್ರಕಥೆ ಬರೆದವರು ಮಕ್ಕಳ ಕಥೆಗಳಿಂದ ಹೆಸರಾದ ರೋಲ್ಡ್ ಡಾಲ್. ಕ್ರೌರ್ಯ ಮತ್ತು ತಮಾಷೆಯನ್ನು ಒಂದೇ ಬಟ್ಟಲಲ್ಲಿ ಕಲಸುವುದು ಅವರಿಗೆ ಹೊಸದಾಗಿರಲಿಲ್ಲ.

ಇನ್ನು ‘ಡಾಕ್ಟರ್ ನೋ’ ಚಿತ್ರದ ಮೀನಿನ ತೊಟ್ಟಿಯನ್ನು ನೋಡಿ. ನೋ ಮಹಾಶಯನ ಊಟದ ಕೋಣೆಯ ಗೋಡೆಯೇ ಒಂದು ಬೃಹತ್ ಗಾಜು, ಅದರಾಚೆ ಸಮುದ್ರ. ಹಣದ ಅಭಾವದಿಂದ ಅವರು ಬೇರೆ ಯಾರೋ ತೆಗೆದಿಟ್ಟಿದ್ದ ಮೀನಿನ ಚಿತ್ರಸುರುಳಿಯನ್ನು ಕೊಂಡು ಗಾಜಿನ ಹಿಂದೆ ಬಿಂಬಿಸಿದರು. ಅದರಲ್ಲಿದ್ದದ್ದು ಅಂಗೈಯಗಲದ ಮೀನುಗಳು. ಗೋಡೆಯಷ್ಟು ಹಿಗ್ಗಿಸಿದಾಗ ಅವು ಎಮ್ಮೆಯಷ್ಟು ಕಂಡವು. ಅದನ್ನು ಮುಚ್ಚಿಕೊಳ್ಳಲು, ಈ ಗಾಜು ಉಬ್ಬುಗಾಜಾದ್ದರಿಂದ ಮೀನುಗಳು ದೊಡ್ಡದಾಗಿ ಕಾಣುತ್ತವೆ ಎಂಬ ಮಾತನ್ನು ಸೇರಿಸಿದರು. ತಪ್ಪು ಅವರ ಕಣ್ಣಿಗೆ ಬಿದ್ದಿತ್ತು ಎಂದಾಯಿತು. ಹಾಗಿರುವಾಗ ಯಾವುದನ್ನು ಉದ್ದೇಶವಿಲ್ಲದ್ದು ಎನ್ನುತ್ತೀರಿ?

ಲೆಕ್ಕಪತ್ರ

ತಗಾದೆಯವರ ಮೀನಿನ ತೊಟ್ಟಿಗೆ ಒಂದು ಬಾಲಂಗೋಚಿ ಸೇರಿಸುತ್ತೇನೆ. ಯಾರೂ ಕೇಳದೆ ಇದ್ದರೂ ನೋ ಆ ತೊಟ್ಟಿಯ ಬೆಲೆಯನ್ನು ತಾನಾಗಿಯೇ ಹೇಳುತ್ತಾನೆ: ಹತ್ತು ಲಕ್ಷ ಡಾಲರ್. ಅಂದರೆ ಕಥೆಯೊಳಗಿನ ತೊಟ್ಟಿಗೂ, ಆ ಕಥೆಯನ್ನು ಹೇಳುವ ಇಡೀ ಚಿತ್ರಕ್ಕೂ ತಗುಲಿದ ಖರ್ಚು ಸರಿಸುಮಾರು ಒಂದೇ. ಐದು ವರ್ಷದ ನಂತರ ಜ್ವಾಲಾಮುಖಿಗೂ ಅದೇ ಮೊತ್ತ. 1997ರ ಅಣಕು ಚಿತ್ರ ‘ಆಸ್ಟಿನ್ ಪವರ್ಸ್’ನಲ್ಲಿ, ಮೂವತ್ತು ವರ್ಷ ಹಿಮದಲ್ಲಿ ಹೆಪ್ಪುಗಟ್ಟಿದ್ದು ಎಚ್ಚೆತ್ತ ಡಾಕ್ಟರ್ ಈವಿಲ್ ಜಗತ್ತನ್ನು ಬೆದರಿಸಿ ಕೇಳುವುದೂ ಹತ್ತು ಲಕ್ಷವನ್ನೇ, ಮತ್ತು ಸಹಚರರು ಅದು ತೀರಾ ಕಡಿಮೆಯಾಯಿತೆಂದು ಮುಜುಗರಪಡುತ್ತಾರೆ. ಖಳರ ಲೋಕದಲ್ಲಿ ಹಣದುಬ್ಬರ ತಡವಾಗಿ ತಲುಪುತ್ತದೆ.

ಅವರ ಲೆಕ್ಕದ ಶಿಸ್ತನ್ನು ನಾನು ಪೂರ್ತಿ ಹೀಗಳೆಯುವುದಿಲ್ಲ. ‘ಥಂಡರ್‌ಬಾಲ್’ನ ಆರಂಭದಲ್ಲಿ, ಪ್ಯಾರಿಸಿನಲ್ಲಿ, ದೇಶವಿಲ್ಲದ ನಿರಾಶ್ರಿತರಿಗೆ ನೆರವಾಗುವ ಸಂಘವೊಂದರ ಫಲಕದ ಹಿಂದೆ ಬ್ಲೋಫೆಲ್ಡ್‌ನ ಪಾತಕಿ ಸಂಸ್ಥೆ ಸ್ಪೆಕ್ಟರ್‌ನ ಆಯವ್ಯಯ ಸಭೆ ನಡೆಯುತ್ತದೆ. ಒಬ್ಬೊಬ್ಬರೂ ಎದ್ದು ತಮ್ಮ ವಿಭಾಗದ ವರಮಾನ ಒಪ್ಪಿಸುತ್ತಾರೆ. ಬ್ರಿಟನ್ನಿನ ರೈಲು ದರೋಡೆಗೆ ಸಲಹೆ ನೀಡಿದ ಶುಲ್ಕ ಎರಡೂವರೆ ಲಕ್ಷ ಪೌಂಡ್ ಎಂದು ಒಬ್ಬರು ವರದಿ ಮಾಡುತ್ತಾರೆ. ದರೋಡೆ ಮಾಡಿದ್ದಲ್ಲ, ಸಲಹೆ ಕೊಟ್ಟಿದ್ದು! ಮಾದಕವಸ್ತುಗಳ ಬಾಬತ್ತಿನಲ್ಲಿ ಹಣ ಹೊಂದಿಕೆಯಾಗದೆ ಹೋದಾಗ, ಕೈಯಾಡಿಸಿದವನನ್ನು ಕುರ್ಚಿಯಲ್ಲಿಯೇ ವಿದ್ಯುತ್ ಹಾಯಿಸಿ ಸುಟ್ಟು, ಕುರ್ಚಿ ನೆಲದೊಳಗೆ ಇಳಿದು ಖಾಲಿಯಾಗಿ ಮೇಲೆ ಬರುತ್ತದೆ. ಪಕ್ಕದಲ್ಲಿ ಕೂತವನ ಮುಖವನ್ನು ನೋಡಿ. ತಪಾಸಣೆಯ ದಿನ ಗುಮಾಸ್ತರ ಮುಖದಲ್ಲಿ ನಾನು ಅದನ್ನು ನೂರಾರು ಸಲ ಕಂಡಿದ್ದೇನೆ. ಸಭೆ ಮಾತ್ರ ಮುಂದಿನ ವಿಷಯಕ್ಕೆ ಹೋಗುತ್ತದೆ.

ಕೊನೆಸಾಲು

ತಗಾದೆಯವರ ಆಕ್ಷೇಪಣೆ ನನ್ನನ್ನು ಎರಡು ದಿನ ಕಾಡಿತು. ಎಲ್ಲವನ್ನೂ ಉದ್ದೇಶವಿಲ್ಲದ್ದೆಂದು ಒಂದೇ ಗಂಟಿಗೆ ಕಟ್ಟಿದ್ದು ನನ್ನ ತಪ್ಪು. ಲೋನ್ಸ್‌ಡೇಲ್ ಅವರ ಮಾತುಗಳು ನಗಿಸಲೆಂದೇ ಬರೆದವು, ಒಪ್ಪಿದೆ. ಆದರೆ ಬರೆದವನು ಬಲ್ಲ ಹಾಸ್ಯ ಬೇರೆ, ಅವನ ಕೈ ಮೀರಿದ ಹಾಸ್ಯ ಬೇರೆ. ಚಿನ್ನ ಬೇರ್ಪಡಿಸುವ ಮಾತು ಬರೆದವನದು. 890 ಕಿಲೋ ಹೊತ್ತೂ ಕುಗ್ಗದ ಕಾರು ಅವನದಲ್ಲ. ಬೆಕ್ಕನ್ನು ಹಿಡಿದ ಖಳ ಬರೆದವನವನು. ಬೆಕ್ಕಿನ ಗಾಬರಿ ಅವನದಲ್ಲ. ಮೀನಿನ ವಿಷಯದಲ್ಲಿ ತಪ್ಪು ಕಂಡದ್ದು ನಿಜ, ಆದರೆ ತೇಪೆ ಹಾಕಿದ್ದರಿಂದಲೇ ನೋ ಅಗ್ಗದ ಉಬ್ಬುಗಾಜಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವವನಾದ. ಅದನ್ನು ಅವರು ಬಯಸಿರಲಾರರು.

ಖಳ ತಾನಾಗಿ ನಗಿಸಲು ಹೊರಟರೆ ನಮ್ಮ ನಗು ನಿಲ್ಲುತ್ತದೆ ಎಂಬ ನನ್ನ ಇನ್ನೊಂದು ಅನಿಸಿಕೆಗೆ ಜಾಸ್ ಪಾತ್ರವೇ ಸಾಕ್ಷಿ. 1977ರ ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಏಳಡಿ ಮೀರಿದ ರಿಚರ್ಡ್ ಕೀಲ್ ಉಕ್ಕಿನ ಹಲ್ಲು ಕಟ್ಟಿಕೊಂಡು ಬಂದಾಗ, ಈಜಿಪ್ಟಿನ ಪಾಳುಗಂಬಗಳ ನಡುವೆ ಅವನು ಬಂಡೆಯನ್ನೆತ್ತಿ ತನ್ನ ಕಾಲ ಮೇಲೆಯೇ ಬೀಳಿಸಿಕೊಳ್ಳುತ್ತಾನೆ. ಆ ಕ್ಷಣ ನಗು ಬಂದರೂ ಅವನ ಬಗ್ಗೆ ಇನ್ನೂ ಭಯವಿರುತ್ತದೆ. ಎರಡು ವರ್ಷ ಕಳೆದು ‘ಮೂನ್‌ರೇಕರ್’ನಲ್ಲಿ ಅವನು ವಿಮಾನದಿಂದ ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಬಿದ್ದು ಸರ್ಕಸ್ ಗುಡಾರದ ಮೇಲೆ ಇಳಿಯುತ್ತಾನೆ, ಜಡೆ ಹಾಕಿದ ಹುಡುಗಿಯೊಬ್ಬಳನ್ನು ಕಂಡು ಪ್ರೇಮದಲ್ಲಿ ಬೀಳುತ್ತಾನೆ, ಕೊನೆಗೆ ಬಾಂಡ್‌ಗೇ ಸಹಾಯ ಮಾಡುತ್ತಾನೆ. ಜನ ನಕ್ಕಿದ್ದು ನಿರ್ಮಾಪಕರ ಕಿವಿಗೆ ಬಿದ್ದಿತ್ತು. ಅಂದಿನಿಂದ ಜಾಸ್ ನಮ್ಮನ್ನು ನಗಿಸಲು ಪ್ರಯತ್ನಿಸುತ್ತಾನೆ, ನನಗೆ ನಗು ಬರುವುದಿಲ್ಲ.

ದನಿಪೆಟ್ಟಿಗೆ

ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡಿದವಳಾದ್ದರಿಂದ ನನಗೆ ಮುಖಕ್ಕಿಂತ ದನಿ ಮೊದಲು ಕೇಳುತ್ತದೆ. ಗೋಲ್ಡ್‌ಫಿಂಗರ್ ಆಗಿ ನಟಿಸಿದ ಗೆರ್ಟ್ ಫ್ರೋಬೆ ಜರ್ಮನರು. ಅವರ ಇಂಗ್ಲಿಷ್ ಸಾಲದೆ ಮೈಕೇಲ್ ಕಾಲಿನ್ಸ್ ಎಂಬ ನಟರಿಂದ ದನಿ ಕೊಡಿಸಿದರು. ಮುಖ ಒಬ್ಬರದು, ಮಾತು ಇನ್ನೊಬ್ಬರದು, ಗಾಂಭೀರ್ಯ ಇಬ್ಬರದ್ದೂ ಸೇರಿ ದುಪ್ಪಟ್ಟು. ಲೇಸರ್ ಕಿರಣ ಬಾಂಡ್‌ನ ಕಾಲುಗಳ ನಡುವೆ ಮೇಲೇರಿ ಬರುವ ದೃಶ್ಯದಲ್ಲಿ, ಕಿರಣವನ್ನು ಆಮೇಲೆ ಚಿತ್ರದ ಮೇಲೆ ಸೇರಿಸಿದ್ದು. ಮೇಜಿನ ಲೋಹವನ್ನು ನಿಜಕ್ಕೂ ಕತ್ತರಿಸುತ್ತಿದ್ದದ್ದು ಮೇಜಿನ ಕೆಳಗೆ ಗ್ಯಾಸ್ ಟಾರ್ಚ್ ಹಿಡಿದಿದ್ದ ತಂತ್ರಜ್ಞರೊಬ್ಬರು. ಬಾಂಡ್ ಆಗಿದ್ದ ಶಾನ್ ಕಾನರಿಯವರ ಹಣೆಯ ಬೆವರಿಗೆ ಅಭಿನಯವೊಂದೇ ಕಾರಣವಾಗಿರಲಾರದು.

‘ಥಂಡರ್‌ಬಾಲ್’ನ ಖಳ ಲಾರ್ಗೋ ಆಗಿದ್ದ ಇಟಲಿಯ ಅಡೋಲ್ಫೋ ಚೆಲಿಯವರಿಗೆ ದನಿ ಕೊಟ್ಟವರು ರಾಬರ್ಟ್ ರಿಯೆಟ್ಟಿ. ಅದೇ ರಿಯೆಟ್ಟಿಯವರ ದನಿ 1981ರ ‘ಫಾರ್ ಯುವರ್ ಐಸ್ ಓನ್ಲಿ’ಯ ಮೊದಲ ದೃಶ್ಯದಲ್ಲಿ ಮತ್ತೆ ಕೇಳುತ್ತದೆ. ಗಾಲಿಕುರ್ಚಿಯಲ್ಲಿ ಕೂತ, ಬೋಳುತಲೆಯ, ಬಿಳಿಬೆಕ್ಕಿನ ಮನುಷ್ಯ ಅವನು. ಹಕ್ಕುಸ್ವಾಮ್ಯದ ವ್ಯಾಜ್ಯವಿದ್ದುದರಿಂದ ಬ್ಲೋಫೆಲ್ಡ್ ಎಂಬ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಹೆಲಿಕಾಪ್ಟರಿನ ಕಾಲಿಗೆ ಅವನ ಕುರ್ಚಿ ಸಿಕ್ಕಿಸಿಕೊಂಡು ಬಾಂಡ್ ಎತ್ತರಕ್ಕೆ ಒಯ್ದಾಗ, ಪ್ರಾಣ ಉಳಿಸಿದರೆ ನಿನಗೆ ಸ್ಟೇನ್‌ಲೆಸ್ ಸ್ಟೀಲಿನ ತಿನಿಸಿನಂಗಡಿಯೊಂದನ್ನು ಕೊಡಿಸುತ್ತೇನೆ ಎಂದು ಅಂಗಲಾಚುತ್ತಾನೆ. ಜಗತ್ತನ್ನೇ ಒತ್ತೆಯಿಟ್ಟ ಮನುಷ್ಯನಿಗೆ ಸಾವಿನ ಹೊತ್ತಿನಲ್ಲಿ ಹೊಳೆದ ಅತಿದೊಡ್ಡ ಲಂಚ ಅದು. ಆ ಮಾತನ್ನು ಯಾರು, ಯಾತಕ್ಕೆ ಬರೆದರೆಂದು ನಾನು ಇಂದಿಗೂ ಯೋಚಿಸುತ್ತೇನೆ. ದನಿಯಲ್ಲಿರುವ ಆರ್ತತೆಯಂತೂ ಶುದ್ಧ.

ಹಿತ್ತಲಗಿಡ

ನಗುವ ಮುನ್ನ ಒಂದು ಮಾತು. ಡಾಕ್ಟರ್ ನೋ ಅರ್ಧ ಚೀನೀಯನೆಂದು ಕಥೆ. ನಟಿಸಿದವರು ಕೆನಡಾದಲ್ಲಿ ಹುಟ್ಟಿದ ಜೋಸೆಫ್ ವೈಸ್‌ಮನ್, ಕಣ್ಣಿನ ಸುತ್ತ ಬಣ್ಣ ಬಳಿಸಿಕೊಂಡು. ಕೈಯಿಲ್ಲದವನು, ಮುಖದಲ್ಲಿ ಗಾಯವಿದ್ದವನು, ಪರದೇಶದವನು ಖಳನೇ ಆಗಬೇಕೆಂಬ ಆ ಚಿತ್ರಗಳ ಹಟ ನನಗೆ ನಗು ತರಿಸುವುದಿಲ್ಲ. ಮೀನಿನ ತೊಟ್ಟಿಗೆ ನಗೋಣ, ಆ ಬಣ್ಣಕ್ಕೆ ಬೇಡ.

ಕೊನೆಸಾಲು

ಹಿತ್ತಲಗಿಡ ಅವರ ಮಾತಿಗೆ ನನ್ನದೂ ಸಮ್ಮತಿಯಿದೆ. ಸೋದರಳಿಯನಿಗೆ ಮುಂದೆ ಯಾವ ಚಿತ್ರ ತೋರಿಸಬೇಕೆಂದು ಆರಿಸುವಾಗ ಇದನ್ನು ನೆನಪಿಡುತ್ತೇನೆ.

ಗಾಂಧಿನಗರ

ನಮ್ಮಲ್ಲೂ 999 ಇದ್ದರಲ್ಲ! ದೊರೈ–ಭಗವಾನ್ ಜೋಡಿ ಡಾ. ರಾಜ್‌ಕುಮಾರ್ ಅವರನ್ನು ಗೂಢಚಾರನನ್ನಾಗಿ ಮಾಡಿ 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ತೆಗೆದರು. ಈಗಿನ ಹುಡುಗರು ಕೊನೆಯ ಚಿತ್ರದ, ಅಣ್ಣಾವ್ರೇ ಹಾಡಿದ ಇಂಗ್ಲಿಷ್ ಹಾಡನ್ನು ಮೊಬೈಲಿನಲ್ಲಿ ಹಂಚಿಕೊಂಡು ಕುಣಿಯುತ್ತಾರೆ. ಆದರೆ ಅಲ್ಲಿ ಜನ ಮೆಚ್ಚಿ ಮೆರೆಸುವುದು ನಾಯಕನನ್ನು; ಖಳರ ವಿಷಯಕ್ಕೆ ನಿಲ್ಲುವುದಾದರೆ ಹಿಂದಿಯ 1980ರ ‘ಶಾನ್’ನ ಶಾಕಾಲ್ ಸರಿಯಾದ ಹೋಲಿಕೆ. ಕುಲಭೂಷಣ್ ಖರ್ಬಂದಾ ತಲೆ ಬೋಳಿಸಿಕೊಂಡು, ದ್ವೀಪದೊಳಗಿನ ಅಡ್ಡೆಯಲ್ಲಿ ಕೂತು, ಬ್ಲೋಫೆಲ್ಡ್‌ನ ಆಸ್ತಿಯನ್ನೆಲ್ಲ ಬೆಕ್ಕೊಂದನ್ನು ಬಿಟ್ಟು ಇಳಿಸಿಕೊಂಡಿದ್ದಾರೆ. ಪ್ಲೆಸೆನ್ಸ್ ಅವರಲ್ಲಿ ಚೌಕಿಮನೆಯವರು ಕಂಡ ಕೊರತೆ ಇಲ್ಲಿಲ್ಲ. ಖರ್ಬಂದಾ ಆ ಕುರ್ಚಿಯಲ್ಲಿ ಮನಸಾರೆ ಕೂತಿದ್ದಾರೆ.

ಚೌಕಿಮನೆ

ಭಾರತದ ಮಾತು ಬಂದಿದ್ದರಿಂದ 1983ರ ‘ಆಕ್ಟೋಪಸಿ’ಯನ್ನು ಬಿಟ್ಟು ಹೋಗಬಾರದು. ಉದಯಪುರದ ಬೆಟ್ಟದ ಮೇಲಿನ ಸಜ್ಜನಗಢವೇ ಖಳ ಕಮಲ್ ಖಾನ್‌ನ ಅರಮನೆ. ಆ ಪಾತ್ರದಲ್ಲಿ ಫ್ರಾನ್ಸಿನ ಲೂಯಿ ಜೂರ್ದಾನ್. ಬಲಗೈ ಬಂಟ ಗೋಬಿಂದನಾಗಿ ನಮ್ಮ ಕಬೀರ್ ಬೇಡಿ. ಪೇಟ ಸುತ್ತಿದ, ಬಾಗಿಲ ಚೌಕಟ್ಟು ತುಂಬುವ ಆಳು. ಜೂಜಿನ ದಾಳಗಳನ್ನು ಮುಷ್ಟಿಯಲ್ಲಿ ಹಿಂಡಿ ಪುಡಿ ಮಾಡುತ್ತಾನೆ, ಅರೆಕ್ಷಣವೂ ಮುಗುಳ್ನಗುವುದಿಲ್ಲ. ಇಡೀ ಚಿತ್ರದಲ್ಲಿ ಯಜಮಾನ ಹೇಳಿದ್ದನ್ನು ಎದುರಾಡದೆ ಮಾಡುತ್ತ ಬಂದಿರುತ್ತಾನೆ.

ಕೊನೆಗೆ ಇಬ್ಬರೂ ಪುಟ್ಟ ವಿಮಾನದಲ್ಲಿ ತಪ್ಪಿಸಿಕೊಳ್ಳುತ್ತಿರುವಾಗ ಬಾಂಡ್ ಅದರ ಬೆನ್ನಿಗೆ ಅಂಟಿಕೊಂಡಿರುತ್ತಾನೆ. ಮಗುಚಿ ಹಾರಿಸಿದರೂ ಬೀಳುವುದಿಲ್ಲ. ಆಗ ಕಮಲ್ ಖಾನ್ ಗೋಬಿಂದನ ಕಡೆಗೆ ತಿರುಗಿ, ಹೊರಗೆ ಹೋಗಿ ಅವನನ್ನು ಹಿಡಿ ಎನ್ನುತ್ತಾನೆ. ಚಕ್ರ ನೆಲದಿಂದ ಸಾವಿರಾರು ಅಡಿ ಮೇಲಿದೆ, ಗಾಳಿ ಕಿವಿ ಹರಿಯುವಂತೆ ಬೀಸುತ್ತಿದೆ. ಕಬೀರ್ ಬೇಡಿ ಒಮ್ಮೆ ಬಾಗಿಲನ್ನು ನೋಡುತ್ತಾರೆ, ಒಮ್ಮೆ ಯಜಮಾನನನ್ನು ನೋಡುತ್ತಾರೆ. ಹೊರಗೇ? ಎಂದು ಕೇಳುವ ಆ ಒಂದು ಮಾತಿನಲ್ಲಿ, ಪಿರಾನ್ಹಾ ಕೊಳ ತೊಳೆದವರು, ಸೋಲೋನ ಕಾರು ಹಿಂಡಿಸಿದವರು, ಜ್ವಾಲಾಮುಖಿಗೆ ಕಲ್ಲು ಹೊತ್ತವರು ಎಲ್ಲರೂ ಸೇರಿ ಮೊತ್ತಮೊದಲ ಸಲ ಬಾಯಿ ತೆರೆದಂತಿದೆ. ಯಜಮಾನ ಹೌದೆನ್ನುತ್ತಾನೆ. ಗೋಬಿಂದ ಮತ್ತೇನೂ ಕೇಳದೆ, ಬಾಕು ಹಿಡಿದು, ಪೇಟ ಸಮೇತ ವಿಮಾನದ ಹೊರಗೆ ಹೆಜ್ಜೆಯಿಡುತ್ತಾನೆ.